ಹತ್ತಿ ಎಲೆಯ ಕಪ್ಪು ಚುಕ್ಕೆ: ದುಂಡಾಣು ಅಂಗಮಾರಿಯನ್ನು ಹೊಲದಲ್ಲೇ ಪತ್ತೆ ಹಚ್ಚುವ ಬಗೆ

ಮಳೆ ಹೊಯ್ದ ಬಳಿಕ ಹತ್ತಿಯ ಎಲೆಗಳಲ್ಲಿ ಕಪ್ಪು ಚುಕ್ಕೆ ಕಂಡರೆ ಹೆಚ್ಚಿನ ರೈತರು ಎರಡು ಎಲೆ ಕಿತ್ತುಕೊಂಡು ನೇರವಾಗಿ ಗೊಬ್ಬರದ ಅಂಗಡಿಗೆ ಹೋಗುತ್ತಾರೆ. ಅಂಗಡಿ ಮುಟ್ಟುವ ಹೊತ್ತಿಗೆ ಎಲೆ ಬಾಡಿರುತ್ತದೆ. ರೋಗವನ್ನು ಗುರುತಿಸಲು ಬೇಕಾದ ಹಸಿ ಹೊಳಪು ಅದರಲ್ಲಿ ಉಳಿದಿರುವುದಿಲ್ಲ, ಚುಕ್ಕೆ ಹೊಲದ ಯಾವ ಭಾಗದಿಂದ ಆರಂಭವಾಯಿತು ಎಂಬುದನ್ನು ಆ ಎಲೆ ಹೇಳಲಾರದು. ಕೊನೆಗೆ ಕೈಗೆ ಬರುವುದು ಒಂದು ಶಿಲೀಂಧ್ರನಾಶಕ, ಒಂದು ಕೀಟನಾಶಕ ಮತ್ತು ಒಂದು ಟಾನಿಕ್. ಮೂರನ್ನೂ ಒಂದೇ ಪಂಪಿಗೆ ಸುರಿದು ಎಣ್ಣೆ ಹೊಡೆದರೂ ಕಾರ್ಬೆಂಡಾಜಿಮ್‌ನಂತಹ ಶಿಲೀಂಧ್ರನಾಶಕಕ್ಕೆ ದುಂಡಾಣುವನ್ನು, ಅಂದರೆ ಬ್ಯಾಕ್ಟೀರಿಯಾವನ್ನು, ಕೊಲ್ಲುವ ಶಕ್ತಿಯಿಲ್ಲ, ಕೀಟನಾಶಕಕ್ಕಂತೂ ಮೊದಲೇ ಇಲ್ಲ. ಹಣ ಹೋಗುತ್ತದೆ, ರೋಗ ಉಳಿಯುತ್ತದೆ. ಆದುದರಿಂದ ಔಷಧಿಯ ಹೆಸರಿಗಿಂತ ಮೊದಲು ರೋಗದ ಹೆಸರು ಖಚಿತವಾಗಬೇಕು. ಹತ್ತಿಯ ಮಟ್ಟಿಗೆ ಈ ಕೆಲಸದ ಬಹುಪಾಲನ್ನು ರೈತರು ತಮ್ಮ ಹೊಲದಲ್ಲಿಯೇ ಮಾಡಿಕೊಳ್ಳಬಹುದು.

ಇಲ್ಲಿ ಪ್ರಸ್ತಾಪಿಸುತ್ತಿರುವ ಮುಖ್ಯ ರೋಗ ದುಂಡಾಣು ಅಂಗಮಾರಿ. ಕ್ಸಾಂಥೊಮೊನಾಸ್ ಸಿಟ್ರೈ ಪ್ಯಾಥೋವಾರ್ ಮಾಲ್ವೇಸಿಯಾರಮ್ ಎಂಬ ದುಂಡಾಣು ಇದಕ್ಕೆ ಕಾರಣ. ಹಳೆಯ ಪುಸ್ತಕಗಳಲ್ಲಿ ಇದೇ ಜೀವಿಯನ್ನು ಕ್ಸಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್ ಅಥವಾ ಆಕ್ಸೊನೊಪೊಡಿಸ್ ಎಂಬ ಹೆಸರಿನಡಿ ಕೊಟ್ಟಿರುವುದರಿಂದ ಅವು ಬೇರೆ ಬೇರೆ ರೋಗಗಳೆಂದು ಭಾವಿಸಬಾರದು. ಬೀಜದಳದಿಂದ ಹಿಡಿದು ಕಾಯಿಯವರೆಗೆ ಗಿಡದ ಪ್ರತಿಯೊಂದು ಹಸಿರು ಭಾಗಕ್ಕೂ ಇದು ತಗಲುತ್ತದೆ ಮತ್ತು ಪ್ರತಿಯೊಂದು ಭಾಗದಲ್ಲಿಯೂ ಬೇರೆಯದೇ ರೂಪ ತಾಳುತ್ತದೆ. ಒಂದೇ ರೋಗವನ್ನು ಜೂನ್‌ನಲ್ಲಿ ಸಸಿ ಕೊಳೆ ಎಂದೂ, ಆಗಸ್ಟ್‌ನಲ್ಲಿ ಎಲೆಚುಕ್ಕೆ ಎಂದೂ, ಅಕ್ಟೋಬರ್‌ನಲ್ಲಿ ಕಾಯಿ ಕೊಳೆ ಎಂದೂ ಮೂರು ಸಲ ಬೇರೆ ಬೇರೆಯಾಗಿ ಉಪಚರಿಸುವ ತಪ್ಪು ಆಗುವುದು ಇದರಿಂದಲೇ.

ಮೊದಲು ಹೊಲ, ಆಮೇಲೆ ಎಲೆ

ಎಲೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಬದುವಿನ ಮೇಲೆ ನಿಂತು ಇಡೀ ಹೊಲವನ್ನೊಮ್ಮೆ ನೋಡಬೇಕು. ನಂತರ ಒಳಗೆ ಕರ್ಣರೇಖೆಯಲ್ಲಿ ನಡೆದು ಚುಕ್ಕೆಯಿರುವ ಗಿಡಗಳು ಎಲ್ಲೆಲ್ಲಿ ಇವೆಯೆಂದು ಗುರುತು ಮಾಡಿಕೊಳ್ಳಬೇಕು. ರೋಗ ಬೀಜದ ಮೂಲಕ ಬಂದಿದ್ದರೆ ಮೊದಲ ಗಿಡಗಳು ಹೊಲದ ತುಂಬ ಅಲ್ಲೊಂದು ಇಲ್ಲೊಂದು ಚದುರಿರುತ್ತವೆ, ಮಳೆಯಾದಂತೆಲ್ಲ ಪ್ರತಿಯೊಂದು ಗಿಡದ ಸುತ್ತ ಅಕ್ಕಪಕ್ಕದವು ಸೇರಿಕೊಂಡು ಸಣ್ಣ ಗುಂಪುಗಳಾಗುತ್ತವೆ. ಹಿಂದಿನ ವರ್ಷದ ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ ಬಣವೆ ಹಾಕಿದ್ದರೆ ಅಥವಾ ಹಳೆಯ ಹತ್ತಿಯ ಕೂಳೆ ಅಲ್ಲಿ ಚಿಗುರಿ ನಿಂತಿದ್ದರೆ ರೋಗ ಆ ಬದಿಯಿಂದ ಶುರುವಾಗಿ ಒಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಗಾಳಿ ಮಳೆ ಬಡಿದ ದಿಕ್ಕಿನಿಂದ ಪಟ್ಟಿಯಾಗಿ ಒಳನುಗ್ಗಿದ್ದರೆ ಪಕ್ಕದ ಹೊಲವನ್ನೂ ನೋಡಿ ಬರುವುದು ಒಳ್ಳೆಯದು.

ಇದಕ್ಕೆ ವ್ಯತಿರಿಕ್ತವಾಗಿ, ಹೊಲದ ಎಲ್ಲ ಗಿಡಗಳಲ್ಲಿ ಒಂದೇ ಎತ್ತರದ ಎಲೆಗಳಲ್ಲಿ ಒಂದೇ ದಿನ ಚುಕ್ಕೆ ಕಾಣಿಸಿಕೊಂಡು ಮುಂದಿನ ಮಳೆಯ ನಂತರವೂ ಹೊಸ ಚಿಗುರು ಸ್ವಚ್ಛವಾಗಿಯೇ ಉಳಿದಿದ್ದರೆ ಅದು ರೋಗವಾಗಿರುವ ಸಾಧ್ಯತೆ ಕಡಿಮೆ. ಸಾಲುಗಳ ನಡುವೆ ಕಳೆನಾಶಕ ಹೊಡೆದಾಗ ಸಿಡಿದ ಹನಿಗಳು, ಬಿರುಬಿಸಿಲಿನಲ್ಲಿ ಹೊಡೆದ ದಟ್ಟವಾದ ಔಷಧಿ ಮಿಶ್ರಣ, ತಪ್ಪು ಪ್ರಮಾಣದ ಯೂರಿಯಾ ಸಿಂಪಡಣೆ ಇವೆಲ್ಲವೂ ಇಂತಹ ಸುಟ್ಟ ಚುಕ್ಕೆಗಳನ್ನು ಮಾಡುತ್ತವೆ. ರೋಗ ಹರಡುತ್ತದೆ, ಸುಟ್ಟ ಗಾಯ ಹರಡುವುದಿಲ್ಲ. ಕೆಂಪು ದಾರ ಕಟ್ಟಿ ಗುರುತು ಮಾಡಿದ ನಾಲ್ಕೈದು ಗಿಡಗಳನ್ನು ಒಂದು ವಾರ ಬಿಟ್ಟು ಮತ್ತೆ ನೋಡಿದರೆ ಈ ಪ್ರಶ್ನೆ ಬಗೆಹರಿಯುತ್ತದೆ.

ಹವಾಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ದುಂಡಾಣುವಿಗೆ ಬಿಸಿಯೂ ಬೇಕು, ತೇವವೂ ಬೇಕು. ಹಗಲಿನಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಉಷ್ಣತೆ, 85 ಪ್ರತಿಶತಕ್ಕೂ ಮೀರಿದ ತೇವಾಂಶ ಮತ್ತು ಗಾಳಿಯೊಡನೆ ಬಡಿಯುವ ಮಳೆ ಒಟ್ಟುಗೂಡಿದಾಗ ಇದು ಬಹಳ ವೇಗವಾಗಿ ಹಬ್ಬುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕವೂ, ಗಾಳಿಗೆ ಮರಳು ತಾಗಿ ಅಥವಾ ಆಲಿಕಲ್ಲು ಬಿದ್ದು ಆದ ಗಾಯಗಳ ಮೂಲಕವೂ ಒಳಸೇರುತ್ತದೆ. ಹಲವು ವಾರ ಮಳೆಯೇ ಇಲ್ಲದ ಒಣ ಹವೆಯಲ್ಲಿ ಹೊಸದಾಗಿ ಚುಕ್ಕೆ ಹೆಚ್ಚುತ್ತಿದ್ದರೆ, ತುಂತುರು ನೀರಾವರಿಯೂ ಇಲ್ಲದಿದ್ದರೆ, ಬೇರೆ ಕಾರಣವನ್ನು ಹುಡುಕುವುದು ಸರಿ.

ಎಲೆಯನ್ನು ತಿರುವಿ ನೋಡಿ

ಇಡೀ ಪರೀಕ್ಷೆಯಲ್ಲಿ ಅತ್ಯಂತ ಮುಖ್ಯವಾದ ಹಂತ ಇದು. ಬೆಳಿಗ್ಗೆ ಇಬ್ಬನಿ ಆರುವ ಮುನ್ನ ಹೊಲಕ್ಕೆ ಹೋಗಬೇಕು. ಹಳೆಯ, ಪೂರ್ತಿ ಕಪ್ಪಾದ ಚುಕ್ಕೆಗಳಿರುವ ಎಲೆಯನ್ನು ಬಿಟ್ಟು, ಚುಕ್ಕೆ ಆಗತಾನೇ ಮೂಡುತ್ತಿರುವ ಎಳೆಯ ಎಲೆಯನ್ನು ಆರಿಸಿಕೊಳ್ಳಬೇಕು. ಅದನ್ನು ಗಿಡದಲ್ಲಿ ಇರುವಂತೆಯೇ ತಿರುವಿ ಅಡಿಭಾಗವನ್ನು ಮೊದಲು ನೋಡಬೇಕು, ಏಕೆಂದರೆ ಚುಕ್ಕೆ ಮೇಲ್ಭಾಗದಲ್ಲಿ ಕಾಣುವ ಮುನ್ನವೇ ಅಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ನೀರಿನಿಂದ ತೋಯ್ದಂತಹ ಕಡುಹಸಿರು ಚುಕ್ಕೆಗಳು ಅಲ್ಲಿ ಕಂಡರೆ ಎಲೆಯನ್ನು ಸೂರ್ಯನ ಬೆಳಕಿಗೆ ಎದುರಾಗಿ ಹಿಡಿಯಬೇಕು. ದುಂಡಾಣುವಿನ ಎಳೆಯ ಚುಕ್ಕೆ ಎಣ್ಣೆ ತಾಗಿದ ಕಾಗದದಂತೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಶಿಲೀಂಧ್ರದ ಚುಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಆರಂಭದಿಂದಲೇ ಒಣಗಿ ಮಂದವಾಗಿ ಕಾಣುತ್ತದೆ.

ಎರಡನೆಯ ಗುರುತು ಆಕಾರ. ಹತ್ತಿ ಎಲೆಯಲ್ಲಿ ಸಣ್ಣ ನರಗಳು ಬಲೆಯಾಗಿ ಹರಡಿವೆ. ದುಂಡಾಣು ಆ ನರಗಳನ್ನು ಸುಲಭವಾಗಿ ದಾಟಲಾರದೆ ಅವುಗಳ ನಡುವಿನ ಚಿಕ್ಕ ಅಂಕಣದಲ್ಲಿಯೇ ತುಂಬಿಕೊಳ್ಳುವುದರಿಂದ ಚುಕ್ಕೆಗೆ ಮೂರು ಅಥವಾ ನಾಲ್ಕು ನೇರ ಅಂಚುಗಳು ಬರುತ್ತವೆ. 1ರಿಂದ 5 ಮಿಲಿಮೀಟರ್ ಅಗಲದ ಈ ಕೋನಾಕಾರದ ಚುಕ್ಕೆ ಕೆಲವೇ ದಿನಗಳಲ್ಲಿ ಕಂದಾಗಿ, ನಂತರ ಕಪ್ಪಾಗುತ್ತದೆ. ಹಲವು ಚುಕ್ಕೆಗಳು ಕೂಡಿಕೊಂಡರೆ ಎಲೆ ಹಳದಿಯಾಗಿ ಉದುರುತ್ತದೆ. ಬೀಜದಳದಲ್ಲಿ ಮಾತ್ರ ನರಗಳ ತಡೆ ಅಷ್ಟಾಗಿ ಇಲ್ಲದ ಕಾರಣ ಚುಕ್ಕೆ ದುಂಡಗೋ ಅಡ್ಡಾದಿಡ್ಡಿಯಾಗಿಯೋ ಇರುತ್ತದೆ. ಆದುದರಿಂದ ಸಸಿಯ ಹಂತದಲ್ಲಿ ಕೋನಾಕಾರವಿಲ್ಲವೆಂಬ ಕಾರಣಕ್ಕೆ ಈ ರೋಗವನ್ನು ತಳ್ಳಿಹಾಕಬಾರದು, ಅಲ್ಲಿ ನೀರು ತುಂಬಿದ ಲಕ್ಷಣವೇ ಆಧಾರ.

ಮೂರನೆಯದು ಒಸರು. ತೇವದ ಮುಂಜಾನೆ ಚುಕ್ಕೆಯ ಮೇಲೆ ಅಂಟಂಟಾದ ಸಣ್ಣ ಹನಿಗಳು ಕೂತಿರುತ್ತವೆ, ಬಿಸಿಲೇರಿದಂತೆ ಅವು ಒಣಗಿ ತೆಳುವಾದ ಬಿಳಿಚು ಪೊರೆಯಾಗುತ್ತವೆ. ಉಗುರಿನಿಂದ ಮೆಲ್ಲಗೆ ಕೆರೆದರೆ ಆ ಪೊರೆ ಹಕ್ಕಳೆಯಾಗಿ ಏಳುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರವೊಂದು ಜೇಬಿನಲ್ಲಿದ್ದರೆ ಇದನ್ನು ನೋಡುವುದು ಸುಲಭ. ಹತ್ತಿ ಬೆಳೆಯುವ ಪ್ರತಿ ಊರಿನಲ್ಲಿಯೂ ಕನಿಷ್ಠ ಒಬ್ಬರ ಬಳಿಯಾದರೂ ಅದು ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ, ಅದಕ್ಕೆ ತಗಲುವ ಖರ್ಚು ಒಂದು ತಪ್ಪು ಸಿಂಪಡಣೆಯ ಖರ್ಚಿಗಿಂತ ಕಡಿಮೆ.

ದಾರಿ ತಪ್ಪಿಸುವ ಹೋಲಿಕೆಗಳು

ಕೋನಾಕಾರ ಕಂಡೊಡನೆ ದುಂಡಾಣು ಎಂದು ತೀರ್ಮಾನಿಸುವುದು ಅಪಾಯಕಾರಿ, ಏಕೆಂದರೆ ಹತ್ತಿಯಲ್ಲಿ ಕೋನಾಕಾರದ ಚುಕ್ಕೆ ಮಾಡುವ ಇನ್ನೊಂದು ರೋಗವಿದೆ. ಅದು ರಾಮುಲೇರಿಯಾ ಶಿಲೀಂಧ್ರದಿಂದ ಬರುವ ಬೂದು ರೋಗ. ಇದರಲ್ಲಿಯೂ ಚುಕ್ಕೆ ನರಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ, ಮೊದಲಿಗೆ ಮಬ್ಬಾಗಿ ಪಾರಕವಾಗಿಯೂ ಕಾಣುತ್ತದೆ. ಆದರೆ ಅದರ ಬಣ್ಣ ಕಪ್ಪಿಗೆ ತಿರುಗದೆ ತಿಳಿ ಹಳದಿ ಹಸಿರಾಗಿಯೇ ಇದ್ದು, ಕೆಲವು ದಿನಗಳಲ್ಲಿ ಎಲೆಯ ಅಡಿಭಾಗದಲ್ಲಿ ಬಿಳಿ ಬೂದು ಪುಡಿ ಬೆಳೆಯುತ್ತದೆ. ಬೆರಳಿನಿಂದ ಒರೆಸಿದರೆ ಪುಡಿ ಬೆರಳಿಗೆ ಹತ್ತುತ್ತದೆ. ದುಂಡಾಣುವಿನ ಒಣಗಿದ ಪೊರೆ ಹೀಗೆ ಪುಡಿಯಾಗಿ ಅಂಟುವುದಿಲ್ಲ. ಇವೆರಡನ್ನು ಬೇರ್ಪಡಿಸಬೇಕಾದ ಕಾರಣ ಸ್ಪಷ್ಟವಾಗಿದೆ: ಬೂದು ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ ಕೆಲಸ ಮಾಡುತ್ತದೆ, ದುಂಡಾಣುವಿಗೆ ಮಾಡುವುದಿಲ್ಲ.

ಇಲ್ಲಿ ತಳಿಯ ಪ್ರಶ್ನೆಯೂ ನೆರವಿಗೆ ಬರುತ್ತದೆ. ಜಯಧರ್‌ನಂತಹ ದೇಶಿ ಹತ್ತಿಗಳಲ್ಲಿ ದುಂಡಾಣು ಅಂಗಮಾರಿ ಕಾಣುವುದು ತೀರ ಅಪರೂಪ. ದೇಶಿ ಹತ್ತಿಯಲ್ಲಿ ಕೋನಾಕಾರದ ಚುಕ್ಕೆ ಕಂಡರೆ ಮೊದಲು ಬೂದು ರೋಗವನ್ನು ಸಂಶಯಿಸಬೇಕು. ಅಮೆರಿಕನ್ ಹತ್ತಿ ಈ ದುಂಡಾಣುವಿಗೆ ತುತ್ತಾಗುತ್ತದೆ, ಉದ್ದ ಎಳೆಯ ಈಜಿಪ್ಟಿನ ಹತ್ತಿ ಇನ್ನೂ ಹೆಚ್ಚು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿಯವರು 1972ರಲ್ಲಿ ಹೊರತಂದ ವರಲಕ್ಷ್ಮಿ ಮತ್ತು ಆನಂತರದ ಡಿಸಿಎಚ್-32 ಅಮೆರಿಕನ್ ಮತ್ತು ಈಜಿಪ್ಟಿನ ಹತ್ತಿಗಳನ್ನು ಕೂಡಿಸಿದ ಸಂಕರಣಗಳಾದುದರಿಂದ, ಅಂತಹ ಉದ್ದ ಎಳೆಯ ತಳಿ ಬೆಳೆಯುವವರು ಮಳೆಗಾಲದಲ್ಲಿ ಹೆಚ್ಚು ಎಚ್ಚರದಿಂದ ಇರಬೇಕಾಗುತ್ತದೆ. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ಹಲವರು ಬಿಟಿ ಬೀಜಕ್ಕೆ ರೋಗವೇ ಬರುವುದಿಲ್ಲವೆಂದು ನಂಬಿದ್ದಾರೆ. ಬಿಟಿ ಗುಣ ಕಾಯಿಕೊರಕದ ವಿರುದ್ಧ ಮಾತ್ರ, ದುಂಡಾಣುವಿನ ಮುಂದೆ ಅದಕ್ಕೆ ಯಾವ ಬಲವೂ ಇಲ್ಲ. ನಿರೋಧಕತೆ ಬರುವುದು ಬೇರೆಯೇ ಜೀನ್‌ಗಳಿಂದ. ಸುಡಾನಿನಲ್ಲಿ ಹತ್ತಿ ತಳಿ ವಿಜ್ಞಾನಿ ಆರ್.ಎಲ್. ನೈಟ್ 1930ರ ದಶಕದ ಕೊನೆಯಲ್ಲಿ ಆರಂಭಿಸಿ ಅವುಗಳನ್ನು ಒಂದೊಂದಾಗಿ ಗುರುತಿಸಿ ‘ಬಿ’ ಜೀನ್‌ಗಳೆಂದು ಸಂಖ್ಯೆ ಕೊಟ್ಟರು. ಒಂದೇ ಜೀನ್ ಇರುವ ತಳಿಯನ್ನು ದುಂಡಾಣುವಿನ ಹೊಸ ಪ್ರಭೇದವೊಂದು ಮುರಿಯಬಲ್ಲದಾದ್ದರಿಂದ ಹಿಂದೆ ತಡೆದುಕೊಂಡ ತಳಿ ಈ ವರ್ಷವೂ ತಡೆದೀತೆಂಬ ಭರವಸೆ ಇಲ್ಲ.

ಉಳಿದ ಹೋಲಿಕೆಗಳನ್ನು ಬೇಗ ಬೇರ್ಪಡಿಸಬಹುದು. ಚುಕ್ಕೆ ದುಂಡಗಿದ್ದು ಒಳಗೆ ಒಂದರೊಳಗೊಂದು ವರ್ತುಲಗಳಿದ್ದರೆ ಅದು ಆಲ್ಟರ್ನೇರಿಯಾ ಶಿಲೀಂಧ್ರದ ಎಲೆಚುಕ್ಕೆ. ನೇರಳೆ ಅಂಚಿನ ದುಂಡು ಚುಕ್ಕೆಯ ನಡುಭಾಗ ಉದುರಿ ತೂತು ಬಿದ್ದಿದ್ದರೆ ಮೈರೊಥೀಸಿಯಮ್ ಎಂಬ ಇನ್ನೊಂದು ಶಿಲೀಂಧ್ರದ್ದು. ಎಲೆ ಅಂಚಿನಿಂದ ಒಳಕ್ಕೆ ಕೆಂಪಾಗುತ್ತ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕೆಂಪಾಗುವಿಕೆ, ರೋಗಾಣುವಿನಿಂದ ಆಗುವಂಥದ್ದಲ್ಲ. ಕಾಯಿ ಭಾರ ಹೆಚ್ಚಿದ ಗಿಡಕ್ಕೆ ಮೆಗ್ನೀಸಿಯಮ್ ಸಾಲದೆ, ರಾತ್ರಿಯ ಚಳಿ ಹೆಚ್ಚಿದಾಗ ಇದು ಕಾಣುತ್ತದೆ, ಲೀಟರಿಗೆ 10 ಗ್ರಾಂ ಮೆಗ್ನೀಸಿಯಮ್ ಸಲ್ಫೇಟ್ ಸಿಂಪಡಿಸುವುದೇ ಅದರ ಉಪಚಾರ. ಅಂಚು ಕೆಳಕ್ಕೆ ಮುದುಡಿ ಹಳದಿಯಾಗಿದ್ದರೆ ಅಡಿಯಲ್ಲಿ ಹಸಿರು ಜಿಗಿಹುಳುಗಳನ್ನು ಹುಡುಕಬೇಕು. ಒಣ ಹವೆಯ ನಂತರ ದೊಡ್ಡ ಮಳೆಯಾಗಿ ಇಡೀ ಗಿಡ ಒಂದೇ ದಿನದಲ್ಲಿ ಜೋತುಬಿದ್ದರೆ ಅದು ಹಠಾತ್ ಸೊರಗು, ಎಲೆಯಲ್ಲಿ ಕೋನಾಕಾರದ ಚುಕ್ಕೆಯೇ ಇರುವುದಿಲ್ಲ. ಹೊಲದ ಸುತ್ತ ಪಾರ್ಥೇನಿಯಮ್ ದಟ್ಟವಾಗಿದ್ದು, ಥ್ರಿಪ್ಸ್ ನುಸಿ ಹೆಚ್ಚಾಗಿ, ಎಲೆಗಳಲ್ಲಿ ಕಂದು ನೇರಳೆ ಮಚ್ಚೆಗಳ ಜೊತೆ ಹೂಮೊಗ್ಗುಗಳು ಒಣಗುತ್ತಿದ್ದರೆ ತಂಬಾಕಿನ ಸ್ಟ್ರೀಕ್ ನಂಜುರೋಗದ ಸಾಧ್ಯತೆಯನ್ನು ಯೋಚಿಸಬೇಕು.

ಹನಿ ನೀರಿನ ಪರೀಕ್ಷೆ

ಎಲೆಯನ್ನು ನೋಡಿದ ಮೇಲೂ ಸಂಶಯ ಉಳಿದರೆ, ಸೂಕ್ಷ್ಮದರ್ಶಕವಿರುವ ಕಡೆ, ಉದಾಹರಣೆಗೆ ಊರಿನ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ, ಮಾಡಬಹುದಾದ ಪರೀಕ್ಷೆಯೊಂದಿದೆ. ಎಳೆಯ ಚುಕ್ಕೆಯಿರುವ ಎಲೆಯನ್ನು ಹರಿಯುವ ನೀರಿನಲ್ಲಿ ತೊಳೆದು ಒರೆಸಬೇಕು. ಹೊಸ ಬ್ಲೇಡಿನಿಂದ ಚುಕ್ಕೆಯ ಅಂಚಿನಲ್ಲಿ, ಅರ್ಧ ರೋಗದ ಭಾಗ ಅರ್ಧ ಹಸಿರು ಭಾಗ ಬರುವಂತೆ, ಮೂರು ನಾಲ್ಕು ಮಿಲಿಮೀಟರ್‌ನ ತುಣುಕು ಕತ್ತರಿಸಿ ಗಾಜಿನ ಪಟ್ಟಿಯ ಮೇಲಿನ ಶುದ್ಧ ನೀರಿನ ಹನಿಯಲ್ಲಿ ಇಟ್ಟು ಮೇಲೆ ತೆಳುಗಾಜು ಮುಚ್ಚಬೇಕು. ನೂರು ಪಟ್ಟು ವರ್ಧನೆಯಲ್ಲಿ, ಬೆಳಕನ್ನು ಸ್ವಲ್ಪ ತಗ್ಗಿಸಿ, ಕತ್ತರಿಸಿದ ಅಂಚಿನತ್ತ ಗಮನವಿಟ್ಟು ನೋಡಿದರೆ ಕೆಲವು ನಿಮಿಷಗಳೊಳಗೆ ಅಲ್ಲಿಂದ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಕಣಗಳು ಧಾರೆಯಾಗಿ ನೀರಿಗೆ ಹರಿದುಬರುವುದು ಕಾಣುತ್ತದೆ. ಅದೇ ಎಲೆಯ ಆರೋಗ್ಯವಂತ ಭಾಗದ ತುಣುಕನ್ನೂ ಪಕ್ಕದಲ್ಲಿ ಹೀಗೆಯೇ ಇಟ್ಟು ಹೋಲಿಸಬೇಕು, ಏಕೆಂದರೆ ಕತ್ತರಿಸಿದ ಎಲೆಯಿಂದ ಹಸಿರು ಕಣಗಳೂ ಅಲ್ಪಸ್ವಲ್ಪ ಹೊರಬರುತ್ತವೆ ಮತ್ತು ಮೊದಲ ಸಲ ನೋಡುವವರು ಅವನ್ನೇ ದುಂಡಾಣು ಎಂದುಕೊಳ್ಳುವುದುಂಟು.

ಈ ಪರೀಕ್ಷೆ ದುಂಡಾಣು ಇದೆ ಎಂದಷ್ಟೇ ಹೇಳುತ್ತದೆ, ಯಾವ ದುಂಡಾಣು ಎಂದು ಹೇಳುವುದಿಲ್ಲ. ಹಳೆಯ, ಒಣಗಿದ ಚುಕ್ಕೆಯಿಂದ ಧಾರೆ ಬರದೇ ಹೋಗಬಹುದು, ಆದ್ದರಿಂದ ಏನೂ ಕಾಣದಿದ್ದರೆ ಎಳೆಯ ಚುಕ್ಕೆಯಿಂದ ಇನ್ನೊಮ್ಮೆ ಮಾಡಿ ನೋಡಬೇಕು. ಜೀವಿಯ ಗುರುತು ಬೇಕಾದರೆ ಧಾರವಾಡ ಅಥವಾ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗಕ್ಕೆ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ಒಯ್ಯಬೇಕು. ಮಾದರಿಯನ್ನು ಒದ್ದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ದಾರಿಯಲ್ಲಿಯೇ ಕೊಳೆತು ಬೇರೆ ದುಂಡಾಣುಗಳು ತುಂಬಿಕೊಳ್ಳುತ್ತವೆ. ನೀರು ಒರೆಸಿದ ಎಲೆಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಇಟ್ಟು ಅದೇ ದಿನ ತಲುಪಿಸುವುದು ಉತ್ತಮ. ಪ್ರಯೋಗಾಲಯದಲ್ಲಿ ಈ ದುಂಡಾಣು ಹಳದಿ ಬಣ್ಣದ ಲೋಳೆಯಾದ ಗುಂಪುಗಳಾಗಿ ಬೆಳೆಯುತ್ತದೆ.

ನರ, ಕಾಂಡ ಮತ್ತು ಕಾಯಿ

ಕೆಲವು ಗಿಡಗಳಲ್ಲಿ ಚುಕ್ಕೆಗಿಂತ ಹೆಚ್ಚಾಗಿ ಎಲೆಯ ಮುಖ್ಯ ನರದ ಉದ್ದಕ್ಕೂ ಕಪ್ಪು ಗೆರೆ ಹರಿದು, ಎಲೆ ಸುರುಟಿ, ಸೋಂಕು ತೊಟ್ಟಿಗಿಳಿಯುತ್ತದೆ. ಅಲ್ಲಿಂದ ಕಾಂಡ ಮತ್ತು ಕಾಯಿ ಬಿಡುವ ಕೊಂಬೆಗಳಿಗೆ ತಲುಪಿದರೆ ಉದ್ದನೆಯ ಕಪ್ಪು ಗಾಯಗಳಾಗಿ, ಕೊಂಬೆಯನ್ನು ಸುತ್ತುವರಿದು, ಗಾಳಿ ಬೀಸಿದಾಗ ಅದು ಅಲ್ಲಿಯೇ ಮುರಿಯುತ್ತದೆ. ಇದನ್ನೇ ಕಪ್ಪು ತೋಳು ರೋಗವೆನ್ನುವುದು. ಎಲೆಚುಕ್ಕೆಯನ್ನು ಗಿಡ ಸಹಿಸಿಕೊಂಡೀತು, ಹೊಸ ಎಲೆ ಬಿಟ್ಟೀತು. ಕೊಂಬೆ ಹೋದರೆ ಅದರ ಮೇಲಿನ ಕಾಯಿಗಳೆಲ್ಲವೂ ಹೋದವು. ನಷ್ಟದ ಅಂದಾಜು ಮಾಡುವಾಗ ಎಲೆಗಳನ್ನು ಎಣಿಸುವುದಕ್ಕಿಂತ ಕಪ್ಪಾದ ಕೊಂಬೆಗಳನ್ನು ಎಣಿಸುವುದೇ ಸರಿಯಾದ ಅಳತೆ ಎಂಬುದು ನನ್ನ ಅಭಿಪ್ರಾಯ.

ಕಾಯಿಯ ಮೇಲೆ ಚುಕ್ಕೆ ಕೋನಾಕಾರವಾಗಿರದೆ ದುಂಡಗಿರುತ್ತದೆ. ಮೊದಲು ನೀರು ತುಂಬಿದ ಕಡುಹಸಿರು, ನಂತರ ಒಳಕ್ಕೆ ಕುಸಿದ ಕಪ್ಪು. ಕಾಯಿಯ ಬುಡವನ್ನು ಸುತ್ತಿಕೊಂಡಿರುವ ಎಲೆಯಂತಹ ಹೊದಿಕೆಯಡಿ ನೀರು ನಿಲ್ಲುವುದರಿಂದ ಅಲ್ಲಿ ಬಗ್ಗಿಸಿ ನೋಡುವುದನ್ನು ಮರೆಯಬಾರದು. ಸೋಂಕು ತೊಗಟೆ ದಾಟಿದರೆ ಒಳಗಿನ ಅರಳೆ ಹಳದಿ ಕಲೆಯಾಗಿ ಗಂಟುಕಟ್ಟುತ್ತದೆ, ಬೀಜವೂ ಸೋಂಕು ಹೊರುತ್ತದೆ, ಎಳೆಯ ಕಾಯಿ ಉದುರಿಯೇ ಹೋಗುತ್ತದೆ.

ಕಾಯಿಯ ಹೊರಮೈ ಹಸಿರಾಗಿ ನುಣುಪಾಗಿದ್ದು, ಸೀಳಿದಾಗ ಮಾತ್ರ ಒಂದೆರಡು ತೊಳೆ ಕೊಳೆತಿರುವುದು ಕಂಡರೆ ಅದು ಬೇರೆಯ ತೊಂದರೆ. ಕೆಂಪು ತಿಗಣೆಯಂತಹ ರಸ ಹೀರುವ ಕೀಟಗಳು ಕಾಯಿಯನ್ನು ಚುಚ್ಚಿದಾಗ ಪ್ಯಾಂಟೊಯಿಯಾದಂತಹ ಬೇರೆ ದುಂಡಾಣುಗಳು ಒಳಸೇರಿ ಒಳಗಿನಿಂದ ಕೊಳೆ ಶುರುವಾಗುತ್ತದೆ. ಸೀಳಿದ ಕಾಯಿಯ ತೊಗಟೆಯ ಒಳಮೈಯಲ್ಲಿ ಚುಚ್ಚಿದ ಗುರುತು, ಸಣ್ಣ ಗಂಟು ಇದೆಯೇ ಎಂದು ನೋಡಬೇಕು. ಗುಲಾಬಿ ಕಾಯಿಕೊರಕದ ಮರಿಯೋ ಅದು ಕೊರೆದ ದಾರಿಯೋ ಕಂಡರೆ ಕಥೆ ಮತ್ತೂ ಬೇರೆ. ಒಳಕೊಳೆಗೆ ತಾಮ್ರದ ಔಷಧಿಯನ್ನು ಎಷ್ಟು ಹೊಡೆದರೂ ಒಳಗೆ ತಲುಪುವುದಿಲ್ಲ, ಅಲ್ಲಿ ನಿಯಂತ್ರಿಸಬೇಕಾದದ್ದು ತಿಗಣೆಯನ್ನು. ಹೊಲದ ಬೇರೆ ಬೇರೆ ಕಡೆಯಿಂದ ಇಪ್ಪತ್ತು ಕಾಯಿಗಳನ್ನಾದರೂ ಸೀಳಿ ನೋಡದೆ ಕಾಯಿ ಕೊಳೆಗೆ ಔಷಧಿ ಕೊಳ್ಳಬಾರದು.

ರೋಗ ಖಚಿತವಾದ ಮೇಲೆ

ತಾಮ್ರದ ಔಷಧಿ ಈಗಾಗಲೇ ಮೂಡಿದ ಚುಕ್ಕೆಯನ್ನು ವಾಸಿ ಮಾಡುವುದಿಲ್ಲ, ಅದು ಆರೋಗ್ಯವಂತ ಎಲೆಯ ಮೇಲೆ ಕೂತು ಹೊಸ ಸೋಂಕನ್ನು ತಡೆಯುತ್ತದೆ. ಕಾಪರ್ ಆಕ್ಸಿಕ್ಲೋರೈಡ್ 50 ಡಬ್ಲ್ಯುಪಿಯನ್ನು (ನೀರಿನಲ್ಲಿ ಕಲಸುವ, 50 ಪ್ರತಿಶತದ ಪುಡಿ) ಲೀಟರಿಗೆ 3 ಗ್ರಾಂ ಪ್ರಮಾಣದಲ್ಲಿ ಬಳಸುವುದು ರೂಢಿಯಲ್ಲಿದೆ. ಎಲೆಯ ಅಡಿಭಾಗ ತೋಯುವಂತೆ, ಬಿಸಿಲು ಏರುವ ಮುನ್ನ ಅಥವಾ ಇಳಿದ ಮೇಲೆ ಹೊಡೆಯಬೇಕು. ಚುಕ್ಕೆ ಹೊಸದಾಗಿ ಹೆಚ್ಚುವುದು ನಿಂತಿದ್ದರೆ, ಹವೆ ಒಣಗಿದ್ದರೆ, ಹಳೆಯ ಚುಕ್ಕೆ ಕಾಣುತ್ತಿದೆಯೆಂಬ ಒಂದೇ ಕಾರಣಕ್ಕೆ ಮತ್ತೆ ಹೊಡೆಯುವ ಅಗತ್ಯವಿಲ್ಲ. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆತ ಪುಡಿಯನ್ನು ಇದರ ಜೊತೆ ಸೇರಿಸುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಇವು ಮನುಷ್ಯರಿಗೆ ಬೇಕಾದ ಪ್ರತಿಜೀವಕಗಳು. ಕೃಷಿಯಲ್ಲಿ ಇವುಗಳ ಬಳಕೆಯನ್ನು ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಅಂಗಡಿಯವರು ಕೊಟ್ಟರೂ ರೈತ ಸಂಪರ್ಕ ಕೇಂದ್ರದಲ್ಲಿ ಈಗಿನ ನಿಯಮವನ್ನು ವಿಚಾರಿಸದೆ ಅದನ್ನು ಮುಟ್ಟಬಾರದೆಂದು ನಾನು ಗಂಭೀರವಾಗಿ ಹೇಳುತ್ತೇನೆ.

ಎಲೆ ಒದ್ದೆಯಿರುವಾಗ ಹೊಲದಲ್ಲಿ ಓಡಾಡುವುದು, ಎಡೆ ಹೊಡೆಯುವುದು, ಕಳೆ ತೆಗೆಯುವುದು ಇವೆಲ್ಲ ದುಂಡಾಣುವನ್ನು ಸಾಲಿನಿಂದ ಸಾಲಿಗೆ ಕೈಯಾರೆ ಒಯ್ದಂತೆ. ಬೆಳಗಿನ ಪರೀಕ್ಷೆಗೆ ಹೋದವರು ಕೂಡ ರೋಗದ ಗಿಡಗಳನ್ನು ಕೊನೆಗೆ ಮುಟ್ಟಿ, ಹೊರಬಂದು ಸೋಪಿನಿಂದ ಕೈ ತೊಳೆದುಕೊಳ್ಳಬೇಕು. ಯೂರಿಯಾದ ಮುಂದಿನ ಕಂತನ್ನು ಕಡಿಮೆ ಮಾಡಬೇಕು, ಏಕೆಂದರೆ ಸಾರಜನಕ ಹೆಚ್ಚಾಗಿ ದಟ್ಟವಾಗಿ ಬೆಳೆದ ಗಿಡದೊಳಗೆ ತೇವ ಆರುವುದಿಲ್ಲ. ತುಂತುರು ನೀರಾವರಿ ಇದ್ದರೆ ನಿಲ್ಲಿಸಿ ಸಾಲಿನಲ್ಲಿ ನೀರು ಹಾಯಿಸಬೇಕು.

ರೋಗ ಬೀಜದಿಂದ ಬಂದಿರುವುದು ಹೊಲದ ನಕ್ಷೆಯಿಂದ ಸ್ಪಷ್ಟವಾಗಿದ್ದರೆ ಬೀಜದ ಪೊಟ್ಟಣ, ಅದರ ಲಾಟ್ ಸಂಖ್ಯೆ ಮತ್ತು ರಸೀದಿಯನ್ನು ಎತ್ತಿಟ್ಟು ಕೃಷಿ ಇಲಾಖೆಗೆ ತಿಳಿಸಬೇಕು. ಸ್ವಂತ ಬೀಜ ಬಳಸುವವರು ಈ ಹೊಲದ ಅರಳೆಯಿಂದ ಬೀಜ ಎತ್ತಲೇಬಾರದು. ಗಂಧಕಾಮ್ಲದಿಂದ ಬೀಜದ ಮೇಲಿನ ನೂಲು ಸುಟ್ಟು ತೊಳೆಯುವ ವಿಧಾನ ಹೊರಗೆ ಅಂಟಿದ ದುಂಡಾಣುವನ್ನು ತೆಗೆಯುತ್ತದೆಯೇ ಹೊರತು ಬೀಜದೊಳಗೆ ಸೇರಿದ್ದನ್ನು ತೆಗೆಯುವುದಿಲ್ಲ. ಆಮ್ಲ ಅಪಾಯಕಾರಿಯಾದುದರಿಂದ ಅದನ್ನು ತರಬೇತಿಯಿಲ್ಲದೆ ಮನೆಯಂಗಳದಲ್ಲಿ ಮಾಡತಕ್ಕದ್ದೂ ಅಲ್ಲ. ಕಟ್ಟಿಗೆಯ ವಿಷಯದಲ್ಲಿ, ಒಣ ಕಸದಲ್ಲಿ ಈ ದುಂಡಾಣು ಮುಂದಿನ ಹಂಗಾಮಿನವರೆಗೂ ಬದುಕಿರುತ್ತದೆ, ಆದರೆ ಹಸಿ ಮಣ್ಣಿನಲ್ಲಿ ಹೂತು ಕೊಳೆತ ಕಸದಲ್ಲಿ ಬೇಗ ಸಾಯುತ್ತದೆ. ಕೊನೆಯ ಬಿಡಿಸುವಿಕೆ ಮುಗಿದ ಕೂಡಲೇ ಗಿಡಗಳನ್ನು ಬೇರು ಸಹಿತ ಕಿತ್ತು, ಒಲೆಗೆ ಬೇಕಾದ ಕಟ್ಟಿಗೆಯನ್ನು ಹೊಲದಿಂದ ದೂರ ಸಾಗಿಸಿ, ಉದುರಿದ ಎಲೆ ಮತ್ತು ಕಾಯಿ ತೊಗಟೆಗಳನ್ನು ಆಳವಾಗಿ ಉಳುಮೆ ಮಾಡಿ ಮಣ್ಣಿಗೆ ಸೇರಿಸಬೇಕು. ಮುಂದಿನ ಮುಂಗಾರಿಗೆ ಆ ಹೊಲದಲ್ಲಿ ಜೋಳವನ್ನೋ ಹೆಸರನ್ನೋ ಬಿತ್ತಿ, ಹತ್ತಿಯನ್ನು ಬೇರೆ ಹೊಲಕ್ಕೆ ಬದಲಾಯಿಸಬೇಕು. ಅಲ್ಲಿ ಸಸಿ ಎದ್ದ ಎರಡು ವಾರದೊಳಗೆ ಬೀಜದಳಗಳನ್ನು ತಿರುವಿ ನೋಡಿ, ನೀರು ತುಂಬಿದ ಚುಕ್ಕೆಯಿರುವ ಸಸಿಗಳನ್ನು ಒಣ ಹವೆಯಲ್ಲಿ ಕಿತ್ತು ಹೊರಹಾಕಬೇಕು.